‘ಸರ್ಸಿ’ ಹಿಡಿದಿದ್ದೇನೆ, ಅರವತ್ತನೇ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ

ಅರ್ಧಪುಟ
ಸೋಮವಾರ, ರಾತ್ರಿ 10:52

ಮ್ಯಾಡಲಿನ್ ಮಿಲ್ಲರ್ ಬರೆದ ‘ಸರ್ಸಿ’ ಇಲ್ಲಿ ಯಾರಾದರೂ ಪೂರ್ತಿ ಓದಿದ್ದೀರಾ? 2018ರ ಕಾದಂಬರಿ. ಗ್ರೀಕ್ ಪುರಾಣದ ಮಾಟಗಾತಿ ಸರ್ಸಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ನನಗೆ ಫ್ಯಾಂಟಸಿ ಇಷ್ಟ ಅಂತ ಗೆಳತಿ ಕೊಟ್ಟಳು. ಹೆಸರು ಕೇಳಿ ಅಮ್ಮ, “ಸಿರ್ಸಿ ಮೇಲೆ ಇಂಗ್ಲಿಷಲ್ಲೂ ಬರೆದ್ರಾ?” ಅಂದರು. ಮಾರಿಕಾಂಬೆ ಜಾತ್ರೆ ಎಷ್ಟನೇ ಪುಟದಲ್ಲಿ ಬರುತ್ತೆ ಅಂತ ನಮ್ಮನೆಯವರು ಈಗ ದಿನಾ ವಿಚಾರಿಸುತ್ತಿದ್ದಾರೆ.

ಅರವತ್ತನೇ ಪುಟದಲ್ಲಿ ಕೂತುಬಿಟ್ಟಿದ್ದೇನೆ. ಪುಟಕ್ಕೊಬ್ಬ ಹೊಸ ಚಿಕ್ಕಪ್ಪ, ಹೊಸ ಸೋದರತ್ತೆ. ಅಪ್ಪ ಸೂರ್ಯ, ಅಂದರೆ ಹೀಲಿಯೋಸ್. ಅಮ್ಮ ಪರ್ಸಿ, ತಾತ ಓಷಿಯಾನಸ್. ತಂಗಿ ಪ್ಯಾಸಿಫೆ, ತಮ್ಮ ಪರ್ಸಿಸ್, ಕೊನೆಯವನು ಐಯೀಟಿಸ್. ಇವಳು ಅಪ್ಪನ ಕಾಲಬುಡದಲ್ಲಿ ಕೂತು ಎಲ್ಲರ ಕೈಲೂ ಅನ್ನಿಸಿಕೊಳ್ಳುತ್ತಾಳೆ. ಮಗು ಮಲಗಿದ ಮೇಲೆ ನನಗೆ ಸಿಗುವುದು ಇಪ್ಪತ್ತು ನಿಮಿಷ. ಯಾರು ಯಾರಿಗೆ ಏನಾಗಬೇಕು ಅನ್ನುವುದಕ್ಕೇ ಹತ್ತು ಹೋಗುತ್ತದೆ. ಮೊದಲು ಗ್ರೀಕ್ ಮಹಾಕವಿ ಹೋಮರ್‌ನನ್ನು ಓದಿಕೊಂಡು ಬರಬೇಕಿತ್ತಾ? ಬಿಟ್ಟುಬಿಡಲಾ?

ತುಂಗೆಯ ದಡ
ಸೋಮವಾರ, ರಾತ್ರಿ 11:20

ಬಿಡಬೇಡಿ. ಅವಳನ್ನು ದ್ವೀಪಕ್ಕೆ ಗಡೀಪಾರು ಮಾಡುವವರೆಗೆ ತಾಳಿ. ಕಾದಂಬರಿ ನಿಜವಾಗಿ ಶುರುವಾಗುವುದೇ ಅಲ್ಲಿಂದ.

ಹೋಮರ್ ಪೂರ್ತಿ ಬೇಕಿಲ್ಲ. ಅವನ ‘ಒಡಿಸ್ಸಿ’ ಕಾವ್ಯದ 24 ಸರ್ಗಗಳಲ್ಲಿ 10ನೆಯದು ಒಂದನ್ನು ಓದಿ ಬನ್ನಿ, ಒಂದು ಕಾಫಿಯಷ್ಟು ಹೊತ್ತು. ಎಮಿಲಿ ವಿಲ್ಸನ್ 2017ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಸಿಕ್ಕರೆ ಒಳ್ಳೆಯದು, ಎಲ್ಲೂ ಎಡವುವುದಿಲ್ಲ. ಅಲ್ಲಿ ಸರ್ಸಿ ಇರುವುದೇ ಅಷ್ಟು: ನಾವಿಕರು ಬಂದರು, ಊಟ ಹಾಕಿದಳು, ಕೋಲು ಮುಟ್ಟಿಸಿದಳು, ಹಂದಿಗಳಾದರು. ಅವರ ನಾಯಕ ಒಡಿಸ್ಯೂಸ್ ಬಂದ, ಕತ್ತಿ ಹಿರಿದ, ಆಣೆ ಹಾಕಿಸಿಕೊಂಡ, ಒಂದು ವರ್ಷ ಅಲ್ಲೇ ಉಳಿದ. ಹೋದ. ಆಮೇಲೆ ಅವಳೇನಾದಳು ಅಂತ ಹೋಮರ್ ತಿರುಗಿ ನೋಡುವುದಿಲ್ಲ. ಮಿಲ್ಲರ್ ನೋಡಿದ್ದಾರೆ, ಅಷ್ಟೇ ವ್ಯತ್ಯಾಸ.

ನಿದ್ದೆಗೇಡಿ
ಮಂಗಳವಾರ, ಬೆಳಗ್ಗೆ 7:45

ನಾನು ತದ್ವಿರುದ್ಧ ಹೇಳ್ತೀನಿ. ಏನೂ ಓದ್ಕೊಂಡು ಹೋಗ್ಬೇಡಿ. ನನಗೆ ಒಡಿಸ್ಯೂಸ್ ಯಾರು ಅಂತಾನೇ ಗೊತ್ತಿರ್ಲಿಲ್ಲ. ಅವನು ಬಾಗಿಲು ತಟ್ಟಿದಾಗ ಇವನೂ ಹಂದಿ ಆಗ್ತಾನೆ ಬಿಡು ಅಂದ್ಕೊಂಡಿದ್ದೆ!! ಆ ಸುಖ ನಿಮಗೆ ಸಿಗಲ್ವಲ್ಲ.

ನಾನು ಓದಿದ್ದಲ್ಲ, ಕೇಳಿದ್ದು. ಪರ್ಡಿಟಾ ವೀಕ್ಸ್ ಓದಿರೋ ಆಡಿಯೊಬುಕ್. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತು ಸಾವಿರ ವರ್ಷ ಒಂದೇ ದ್ವೀಪದಲ್ಲಿ ಸಿಕ್ಕಿಹಾಕ್ಕೊಂಡವಳ ಕಥೆ ಕೇಳ್ತಾ ಇದ್ರೆ ತುಂಬಾ ಹತ್ತಿರದವಳು ಅನ್ಸುತ್ತೆ. ಹೆಸರುಗಳ ತಲೆನೋವೂ ಇಲ್ಲ, ಅವರೇ ಉಚ್ಚರಿಸ್ತಾರೆ.

ಹಳಗನ್ನಡ ಹುಳ
ಮಂಗಳವಾರ, ಬೆಳಗ್ಗೆ 9:10

ಅವರು ಉಚ್ಚರಿಸುವುದು ಇಂಗ್ಲಿಷ್ ರೂಪ. ಗ್ರೀಕಿನಲ್ಲಿ ಅವಳು ‘ಕಿರ್ಕೆ’. ಗಿಡುಗಕ್ಕೆ ‘ಕಿರ್ಕೊಸ್’ ಎಂಬ ಪದವಿದೆ, ಅದರ ಜೊತೆ ಈ ಹೆಸರನ್ನು ಸೇರಿಸುತ್ತಾರೆ. ಕಾದಂಬರಿಯಲ್ಲೂ ಹಾಗೇ: ಹಳದಿ ಕಣ್ಣು, ಕೀರಲು ದನಿ, ಅದಕ್ಕೇ ಗಿಡುಗವೆಂದು ಹೆಸರಿಟ್ಟರು. ಆ ದನಿಯ ವಿಷಯ ಮರೆಯಬೇಡಿ, ಅರ್ಧಪುಟ. ಹೋಮರ್ ಅವಳನ್ನು ‘ಮನುಷ್ಯರ ದನಿಯಲ್ಲಿ ಮಾತಾಡುವ ಭಯಂಕರ ದೇವತೆ’ ಅನ್ನುತ್ತಾನೆ. ಇಡೀ ಕಾದಂಬರಿ ಆ ಒಂದು ವಿಶೇಷಣಕ್ಕೆ ನೇತುಹಾಕಿಕೊಂಡಿದೆ.

ಅವಳ ದ್ವೀಪದ ಹೆಸರು ಐಐಯಾ. ‘ಐಐ’ ಅನ್ನುವುದು ಗ್ರೀಕರು ಗೋಳಾಡುವಾಗ ತೆಗೆಯುವ ಉದ್ಗಾರ, ನಮ್ಮ ‘ಅಯ್ಯಯ್ಯೋ’ ಇದ್ದ ಹಾಗೆ. ಸೊಫೋಕ್ಲಿಸ್‌ನ ನಾಟಕದಲ್ಲಿ ಅಯಾಸ್ ಎಂಬ ಗ್ರೀಕ್ ಯೋಧ ತನ್ನ ಹೆಸರಿನಲ್ಲೇ ಈ ಗೋಳು ಅಡಗಿದೆ ಎಂದು ಹಲುಬುತ್ತಾನೆ. ಅದೇ ಅಯಾಸ್‌ನ ನಾಟಕವನ್ನು ಬಿ.ಎಂ.ಶ್ರೀ ಅವರು ‘ಅಶ್ವತ್ಥಾಮನ್’ ಮಾಡಿದ್ದು. ಹೆಸರನ್ನೇ ಬದಲಾಯಿಸಿದ ಮೇಲೆ ಆ ಶ್ಲೇಷೆ ಹೋಯಿತು, ಆದರೆ ಮಹಾಭಾರತದಲ್ಲಿ ಆ ಗ್ರೀಕ್ ಪಾತ್ರಕ್ಕೆ ಸರಿಯಾದ ಜಾಗ ಹುಡುಕಿದ್ದಕ್ಕೆ ಇವತ್ತಿಗೂ ಬೆರಗು.

ಅರ್ಧಪುಟ
ಮಂಗಳವಾರ, ಮಧ್ಯಾಹ್ನ 1:30

ಸರಿ, ಬಿಡಲ್ಲ. ಆದರೆ ಅಮ್ಮನ ಮುಂದೆ ‘ಕಿರ್ಕೆ’ ಅಂದರೆ ಕಿರಿಕ್ಕು ಅಂದುಕೊಳ್ಳುತ್ತಾರೆ. ಸರ್ಸಿನೇ ಇರಲಿ.

ಮದ್ದಿನಂಗಡಿ
ಮಂಗಳವಾರ, ರಾತ್ರಿ 9:05

ನನ್ನ ಕಸುಬು ಔಷಧಿ ಅಂಗಡಿ, ಹಾಗಾಗಿ ಒಂದು ತಕರಾರು. ಎಲ್ಲರೂ ಇವಳನ್ನು ಮಾಟಗಾತಿ ಅಂತಿದ್ದೀರಿ. ಮಾಟ ಅಂದರೆ ನಿಂಬೆಹಣ್ಣು, ಮೊಳೆ ಹೊಡೆದ ಗೊಂಬೆ, ಮೂರು ದಾರಿ ಕೂಡುವಲ್ಲಿ ಕುಂಕುಮ. ಸರ್ಸಿ ಅಂಥದ್ದೇನೂ ಮಾಡುವುದಿಲ್ಲ. ಹೋಮರ್ ಅವಳ ಕೈಗೆ ಕೊಡುವುದು ‘ಫಾರ್ಮಕಾ’. ಆ ಪದಕ್ಕೆ ಔಷಧಿ ಅಂತಲೂ ಅರ್ಥ, ವಿಷ ಅಂತಲೂ ಅರ್ಥ. ಇಂಗ್ಲಿಷಿನವರು ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಪದ ಹಾಕಿ ಒದ್ದಾಡುತ್ತಾರೆ. ನಮಗೆ ಆ ಕಷ್ಟವೇ ಇಲ್ಲ: ಮದ್ದು. ಕೆಮ್ಮಿಗೂ ಮದ್ದು, ಇಲಿಗೂ ಮದ್ದು. ‘ಸೊಸೆ ಮಗನಿಗೆ ಮದ್ದು ಹಾಕಿದಾಳೆ’ ಅಂತ ಅತ್ತೆ ಗೊಣಗುವಾಗಲೂ ಅದೇ ಮದ್ದು. ಕೋವಿಗೆ ತುಂಬುವುದೂ ಮದ್ದೇ, ಅದಿರಲಿ. ಸರ್ಸಿ ಮಾಟಗಾತಿ ಅಲ್ಲ, ಮದ್ದಿನವಳು.

ಕಾದಂಬರಿಯಲ್ಲಿ ನನಗೆ ಹಿಡಿಸಿದ್ದೇ ಇದು. ದೇವರುಗಳು ಬೆರಳು ಆಡಿಸಿದರೆ ಕೆಲಸ ಆಗುತ್ತದೆ. ಇವಳದ್ದು ಹಾಗಲ್ಲ. ಬೇರು ಎಲ್ಲಿ ಸಿಗುತ್ತದೆ ಅಂತ ಹುಡುಕಬೇಕು, ಯಾವ ಹೊತ್ತಿಗೆ ಕೀಳಬೇಕು, ಒಣಗಿಸಬೇಕಾ ಹಸಿಯೇ ಅರೆಯಬೇಕಾ. ತಪ್ಪಿದರೆ ಮತ್ತೆ ಮೊದಲಿಂದ. ನನ್ನಜ್ಜಿ ಕಾಮಾಲೆಗೆ ಸೊಪ್ಪು ಅರೆಯುತ್ತಿದ್ದದ್ದು ನೆನಪಾಯಿತು, ಅವರೂ ಹೊತ್ತು ಹುಟ್ಟುವ ಮುಂಚೆ ಹೋಗಿ ಕೀಳಬೇಕು ಅನ್ನುತ್ತಿದ್ದರು. (ಅಜ್ಜಿ ಅರೆದರು ಅಂತ ನೀವು ಕುಡಿಯಬೇಡಿ. ಕಾಮಾಲೆಗೆ ಡಾಕ್ಟರ ಹತ್ತಿರ ಹೋಗಿ.)

ಇನ್ನೊಂದು. ಹೋಮರ್ ಅಡುಗೆಯನ್ನೂ ಬರೆದಿದ್ದಾನೆ: ಚೀಸ್, ಜವೆಹಿಟ್ಟು, ಜೇನು, ಪ್ರಾಮ್ನಿಯನ್ ವೈನು. ಅದರಲ್ಲಿ ಮದ್ದು ಬೆರೆಸಿದಳು, ಯಾಕೆ? ತಮ್ಮ ಊರನ್ನೇ ಅವರು ಮರೆಯಲಿ ಅಂತ. ಒಡಿಸ್ಯೂಸ್‌ಗೆ ದೇವದೂತ ಹರ್ಮೀಸ್ ಕೊಡುವ ಪ್ರತಿಮದ್ದು ‘ಮೋಲಿ’: ಬೇರು ಕಪ್ಪು, ಹೂವು ಹಾಲುಬಿಳಿ. ಪ್ಲೈಟಾಕಿಸ್, ಡೂವಾಯ್ಸಿನ್ ಎಂಬ ಇಬ್ಬರು 1983ರಲ್ಲಿ ಒಂದು ಲೇಖನ ಬರೆದರು. ಸರ್ಸಿ ಹಾಕಿದ್ದು ದತ್ತೂರಿ ಜಾತಿಯದು, ಮೋಲಿ ಅಂದರೆ ಸ್ನೋಡ್ರಾಪ್ ಹೂವು ಅಂತ. ಸ್ನೋಡ್ರಾಪ್ ಗೆಡ್ಡೆಯಲ್ಲಿ ಗ್ಯಾಲಂಟಮೈನ್ ಇರುತ್ತದೆ. ಇವತ್ತು ಆಲ್ಝೈಮರ್ಸ್ ರೋಗಿಗಳಿಗೆ ಕೊಡುವ ಮಾತ್ರೆ ಅದು. ಊರು ಮರೆಸುವ ಮದ್ದಿಗೆ ಎದುರಾಗಿ ಮರೆವಿನ ಮದ್ದು! ದತ್ತೂರಿಗೆ ಕನ್ನಡದಲ್ಲಿ ಏನಂತಾರೆ ಹೇಳಿ? ಮದ್ದುಗುಣಿಕೆ.

ಖಾರದಪುಡಿ
ಮಂಗಳವಾರ, ರಾತ್ರಿ 9:40

ಕೇಳಕ್ಕೆ ಚೆನ್ನಾಗಿದೆ, ಆದ್ರೆ ಆ ದತ್ತೂರಿ ಅಮೆರಿಕ ಖಂಡದ್ದು ಅಂತಾರಲ್ಲ ಸಸ್ಯಶಾಸ್ತ್ರದವರು. ಹೋಮರ್‌ಗೆ ಕೊಲಂಬಸ್ ಪಾರ್ಸೆಲ್ ಕಳಿಸಿದ್ನಾ?

ಮದ್ದಿನಂಗಡಿ
ಮಂಗಳವಾರ, ರಾತ್ರಿ 9:58

ಒಪ್ಪಿದೆ. ಆದರೆ ಹೆನ್‌ಬೇನ್, ಬೆಲ್ಲಡೋನಾ ಎರಡೂ ಯುರೋಪಿನ ಕಡೆಯ ಗಿಡಗಳೇ, ಎರಡೂ ಅದೇ ಥರ ಬುದ್ಧಿ ಕೆಡಿಸುತ್ತವೆ. ಲೇಖನ ಬರೀ ಊಹೆಯೇ ಇರಬಹುದು, ನನ್ನ ಸಂತೋಷ ಕಸಿಯಬೇಡಿ ಮಾರಾಯರೇ.

ಅರ್ಧಪುಟ
ಗುರುವಾರ, ರಾತ್ರಿ 11:15

ದ್ವೀಪಕ್ಕೆ ಬಂದೆ! ತುಂಗೆಯ ದಡ ಹೇಳಿದ್ದು ನಿಜ.

ಅಷ್ಟರಲ್ಲಿ ಏನೇನೋ ಆಯಿತು. ಮನುಷ್ಯರಿಗೆ ಬೆಂಕಿ ಕೊಟ್ಟ ಪ್ರಮಥ್ಯೂಸ್‌ಗೆ ಎಲ್ಲರೆದುರು ಚಾಟಿ ಹೊಡೆಸುತ್ತಾರೆ, ಬಂಧುಬಳಗವೆಲ್ಲ ಔತಣಕ್ಕೆ ಬಂದ ಹಾಗೆ ನೋಡುತ್ತದೆ, ಆಮೇಲೆ ಈ ಹುಡುಗಿ ಒಬ್ಬಳೇ ಹೋಗಿ ಒಂದು ಲೋಟ ಅಮೃತ ಕೊಡುತ್ತಾಳೆ. ಅವತ್ತೇ ನನಗೆ ಪುಸ್ತಕ ಹಿಡಿಯಿತು. ಆಮೇಲೆ ಗ್ಲಾಕಸ್. ಬೆಸ್ತನೊಬ್ಬನನ್ನು ಪ್ರೀತಿಸಿ, ದೇವರ ರಕ್ತ ಬಿದ್ದ ಜಾಗದ ಹೂವಿನ ರಸದಿಂದ ಅವನನ್ನೇ ದೇವರು ಮಾಡಿದಳು. ದೇವರಾದ ಮೇಲೆ ಅವನು ಇವಳ ಕಡೆ ತಿರುಗಿಯೂ ನೋಡದೆ ಸ್ಕಿಲ್ಲಾ ಎಂಬ ಅಪ್ಸರೆ ಬೇಕು ಅಂದ. ಪ್ರಮೋಷನ್ ಸಿಕ್ಕ ಗಂಡಸರ ಕಥೆ. ಹೊಟ್ಟೆಕಿಚ್ಚಿಗೆ ಇವಳು ಸ್ಕಿಲ್ಲಾ ಮೀಯುವ ನೀರಿಗೆ ಮದ್ದು ಹಾಕಿದಳು, ಅವಳು ಆರು ತಲೆಯ ರಾಕ್ಷಸಿಯಾದಳು.

ಇಲ್ಲಿ ನನಗೊಂದು ಕಸಿವಿಸಿ. ಇದು ತಪ್ಪು ತಾನೇ? ಸ್ಕಿಲ್ಲಾ ಇವಳಿಗೆ ಅಂಥದ್ದೇನೂ ಮಾಡಿರಲಿಲ್ಲ. ಕಥೆ ಹೇಳುವವಳು ಇವಳಾದ್ದರಿಂದ ನಾವು ಕ್ಷಮಿಸುತ್ತಿದ್ದೇವಾ?

ತುಂಗೆಯ ದಡ
ಗುರುವಾರ, ರಾತ್ರಿ 11:48

ಅದನ್ನೇ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೋಮರ್‌ನಲ್ಲಿ ಸ್ಕಿಲ್ಲಾಗೂ ಸರ್ಸಿಗೂ ಈ ಸಂಬಂಧವೇ ಇಲ್ಲ. ಆ ಜಲಸಂಧಿಯಲ್ಲಿ ಹೋದರೆ ಆರು ಜನರನ್ನು ಕಳೆದುಕೊಳ್ಳುತ್ತೀಯ ಅಂತ ಒಡಿಸ್ಯೂಸ್‌ಗೆ ದಾರಿ ಹೇಳುವುದಷ್ಟೇ ಅವಳ ಕೆಲಸ. ನೀರಿಗೆ ವಿಷ ಹಾಕಿದ ಕಥೆ ಎಷ್ಟೋ ಶತಮಾನದ ಮೇಲೆ ರೋಮಿನ ಕವಿ ಓವಿಡ್ ಬರೆದದ್ದು. ಮಿಲ್ಲರ್ ಎರಡನ್ನೂ ಹೊಲಿದುಬಿಟ್ಟರು. ಈಗ ಆ ದಾರಿ ಹೇಳುವ ದೃಶ್ಯ ಏನಾಯಿತು ನೋಡಿ: ‘ಅಲ್ಲೊಂದು ರಾಕ್ಷಸಿ ಇದೆ, ಹುಷಾರು’ ಅನ್ನುವವಳೇ ಆ ರಾಕ್ಷಸಿಯನ್ನು ಮಾಡಿದವಳು. ಪ್ರತಿ ಹಡಗಿಗೆ ಆರು ಹೆಣದ ಲೆಕ್ಕ ಅವಳ ತಲೆಯ ಮೇಲೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಬೆನ್ನುಮೂಳೆ ಈ ಹೊಲಿಗೆಯೇ. ಒಡಿಸ್ಯೂಸ್ ಅಲ್ಲ.

ಖಾರದಪುಡಿ
ಶುಕ್ರವಾರ, ಬೆಳಗ್ಗೆ 8:20

ನಾನು ಮಾತ್ರ ಇಲ್ಲಿ ವಿಲನ್ ಆಗ್ತೀನಿ. ಓದಿದ್ದೀನಿ, ಅಷ್ಟು ಇಷ್ಟ ಆಗಿಲ್ಲ.

ಮೊದಲನೇದು, ಇವಳ ದ್ವೀಪ ಬಸ್ ಸ್ಟ್ಯಾಂಡು. ಹರ್ಮೀಸ್ ಬಂದ, ಶಿಲ್ಪಿ ಡೆಡಲಸ್ ಬಂದ, ಗೂಳಿತಲೆಯ ಮಿನೋಟಾರ್ ಹೆರಿಗೆಗೆ ಇವಳೇ ಕ್ರೀಟ್‌ಗೆ ಹೋದ್ಳು, ಮಾಟಗಾತಿ ಮೀಡಿಯಾ, ಅವಳ ಗಂಡ ಜೇಸನ್ ಬಂದು ಮುಖ ತೊಳ್ಕೊಂಡು ಹೋದ್ರು. ಪ್ರಸಿದ್ಧರೆಲ್ಲ ಹಾದುಹೋಗ್ತಾರೆ, ಇವಳು ನೋಡ್ತಾಳೆ.

ಎರಡನೇದು ಹಂದಿಗಳು. (ಇನ್ನೂ ಓದದವರು ಇಲ್ಲಿಗೆ ನಿಲ್ಲಿಸಿ.) ಹೋಮರ್‌ನಲ್ಲಿ ಅವಳು ಯಾಕೆ ಗಂಡಸರನ್ನ ಹಂದಿ ಮಾಡ್ತಾಳೆ ಅಂತ ಕಾರಣವೇ ಇಲ್ಲ. ಆ ಕಾರಣವಿಲ್ಲದ್ದೇ ಭಯ. ಕಾಡಲ್ಲಿ ಒಂದು ಮನೆ, ಒಳಗೆ ಮಗ್ಗದ ಮುಂದೆ ಯಾರೋ ಹಾಡ್ತಿದಾಳೆ, ಸಾಕಿದ ನಾಯಿ ಥರ ಬಾಲ ಆಡಿಸೋ ಸಿಂಹ, ತೋಳ. ಮೈ ಜುಮ್ ಅನ್ನುತ್ತೆ. ಮಿಲ್ಲರ್ ಬಂದು ಕಾರಣ ಕೊಟ್ರು: ಆಶ್ರಯ ಕೇಳಿ ಬಂದ ನಾವಿಕರ ನಾಯಕ ಅವಳ ಮೇಲೆ ಅತ್ಯಾಚಾರ ಮಾಡಿದ, ಅದಕ್ಕೆ. ಹೆಂಗಸಿಗೆ ಶಕ್ತಿ ಬರಬೇಕಾದ್ರೆ ಮೊದಲು ಅವಳಿಗೆ ಅನ್ಯಾಯ ಆಗಲೇಬೇಕಾ? ಸುಮ್ನೆ ಶಕ್ತಿ ಇರಬಾರ್ದಾ? ಒಡಿಸ್ಯೂಸ್ ಅಷ್ಟು ಜನರನ್ನ ಕೊಂದಿದ್ದಕ್ಕೆ ಯಾರೂ ಬಾಲ್ಯದ ನೋವು ಹುಡುಕಲ್ಲ.

ಹಳಗನ್ನಡ ಹುಳ
ಶುಕ್ರವಾರ, ಬೆಳಗ್ಗೆ 10:05

ಎರಡನೆಯ ಮಾತಿಗೆ ತೂಕವಿದೆ. ಆದರೆ ಕೆಟ್ಟವಳೆಂದು ಹೆಸರಾದವಳಿಗೆ ಕಾರಣ ಕೊಡುವುದು ನಮಗೆ ಹೊಸದಲ್ಲವಲ್ಲ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಗೊಂದು ಸಂಚಿಕೆಯನ್ನೇ ಮೀಸಲಿಟ್ಟರು, ‘ಮಮತೆಯ ಸುಳಿ ಮಂಥರೆ’ ಎಂದು. ಭರತನ ಮೇಲಿನ ಅವಳ ಪ್ರೀತಿಯೇ ಸುಳಿಯಾಗಿ ಎಲ್ಲರನ್ನೂ ಎಳೆದುಕೊಳ್ಳುತ್ತದೆ. ಆ ಕಾವ್ಯದಲ್ಲೇ ಕವಿ ನಮಸ್ಕರಿಸುವವರ ಸಾಲಿನಲ್ಲಿ ಹೋಮರನೂ ಇದ್ದಾನೆ ಎಂಬುದು ಬೇರೆ ಮಾತು.

ಖಾರದಪುಡಿ
ಶುಕ್ರವಾರ, ಬೆಳಗ್ಗೆ 10:31

ಅದೇ ನಾನು ಹೇಳ್ತಿರೋದು ಸ್ವಾಮಿ! ಮಂಥರೆಗೆ ಕುವೆಂಪು ಕೊಟ್ಟಿದ್ದು ಪ್ರೀತಿ. ಗಾಯ ಮಾತ್ರ ಅಲ್ಲ.

ನಿದ್ದೆಗೇಡಿ
ಶುಕ್ರವಾರ, ಮಧ್ಯಾಹ್ನ 12:50

ಖಾರದಪುಡಿ, ಆ ಅಧ್ಯಾಯ ಬಂದಾಗ ನಾನು ಆಡಿಯೊ ನಿಲ್ಲಿಸಿ ಬಸ್ಸಿಳಿದು ನಡ್ಕೊಂಡು ಹೋದೆ. ನನಗೆ ಅದು ‘ಕಾರಣ’ ಅನ್ನಿಸಲಿಲ್ಲ. ಯಾಕಂದ್ರೆ ಅವಳು ಅಲ್ಲಿಗೆ ನಿಲ್ಲಿಸಲ್ಲ. ಆಮೇಲೆ ಬರೋ ಹಡಗುಗಳವರನ್ನೂ ಹಂದಿ ಮಾಡ್ತಾ ಹೋಗ್ತಾಳೆ. ಅದರಲ್ಲಿ ಅವಳಿಗೊಂದು ರುಚಿ ಹತ್ತುತ್ತೆ. ಮಿಲ್ಲರ್ ಅದನ್ನ ಮುಚ್ಚಿಡಲ್ಲ. ಗಾಯದಿಂದ ಶುರುವಾಗಿದ್ದು ಗಾಯದಲ್ಲೇ ಮುಗಿಯಲ್ಲ ಅಂತ ನನ್ನ ಅನಿಸಿಕೆ. ಬಸ್ ಸ್ಟ್ಯಾಂಡ್ ವಿಷಯ ಮಾತ್ರ ಹೌದು 😄 ಮಧ್ಯದ ನೂರು ಪುಟ ಹಾಗೇ ಇದೆ.

ಅಡಿಕೆ ಚೀಲ
ಶುಕ್ರವಾರ, ಸಂಜೆ 6:15

ನಾನು ಸಿರ್ಸಿಯವನೇ. ಹೆಸರು ನೋಡಿ ಒಳಗೆ ಬಂದೆ. ಮೋಸ ಆಯಿತು, ಆದರೂ ಕೂತು ಓದ್ತಿದ್ದೇನೆ.

ಇದು ಫ್ಯಾಂಟಸಿ ಹೇಗಾಗುತ್ತೆ, ಪುರಾಣ ಅಲ್ಲವಾ? ‘ಪರ್ವ’ ಓದಿದವರಿಗೆ ಇದರಲ್ಲಿ ಹೊಸದೇನು?

ತುಂಗೆಯ ದಡ
ಶುಕ್ರವಾರ, ರಾತ್ರಿ 8:40

ಒಳ್ಳೆ ಪ್ರಶ್ನೆ. ‘ಪರ್ವ’ದಿಂದ (1979) ಇದು ನೇರ ಎದುರು ದಿಕ್ಕು. ಭೈರಪ್ಪನವರು ಮಹಾಭಾರತದಿಂದ ದೇವರನ್ನು ತೆಗೆದರು, ದೇವಲೋಕ ಹಿಮಾಲಯದ ಒಂದು ಜನಾಂಗವಾಯಿತು, ಪವಾಡವೆಲ್ಲ ಉದುರಿತು. ಉಳಿದದ್ದು ವಯಸ್ಸು, ಬಸುರು, ಹಸಿವು, ಹೆಣದ ವಾಸನೆ. ಮಿಲ್ಲರ್ ದೇವರನ್ನು ತೆಗೆಯುವುದಿಲ್ಲ. ಸೂರ್ಯ ನಿಜಕ್ಕೂ ರಥ ಹೊಡೆಯುತ್ತಾನೆ, ಹರ್ಮೀಸ್ ನಿಜಕ್ಕೂ ಹಾರುತ್ತಾನೆ. ಆದರೆ ಅವರೆಲ್ಲ ಮದುವೆಮನೆಯಲ್ಲಿ ಮೂಲೆ ಹಿಡಿದು ಕೂತು ಆಡಿಕೊಳ್ಳುವ ನೆಂಟರು. ಸಾಯುವುದಿಲ್ಲವಾದ್ದರಿಂದ ಯಾವುದಕ್ಕೂ ಬೆಲೆ ಇಲ್ಲ, ಬೇಜಾರು ಮಾತ್ರ ಕೊನೆಯಿಲ್ಲದ್ದು. ಭೈರಪ್ಪ ದೇವರಿಲ್ಲದೆ ಕಾಣಿಸಿದ ಮನುಷ್ಯನನ್ನು ಇವರು ದೇವರನ್ನು ಇಟ್ಟುಕೊಂಡೇ ಕಾಣಿಸುತ್ತಾರೆ. ಅದಕ್ಕೆ ಫ್ಯಾಂಟಸಿ ಬೇಕು. ಕಪಾಟಿನಲ್ಲಿ ಯಾವ ಚೀಟಿ ಅಂಟಿಸುತ್ತಾರೋ ಬಿಡಿ.

ಹಳಗನ್ನಡ ಹುಳ
ಶುಕ್ರವಾರ, ರಾತ್ರಿ 9:30

ವಿಷಯಾಂತರಕ್ಕೆ ಕ್ಷಮೆ ಇರಲಿ. ಗ್ರೀಕಿಗೂ ಕನ್ನಡಕ್ಕೂ ಹಳೆಯ ನಂಟೊಂದಿದೆ, ಇದ್ದರೂ ಇರಬಹುದು ಎಂಬ ನಂಟು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 413ನೇ ಸಂಖ್ಯೆಯ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಖರಿತಿಯೊನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ಬಂದು, ರಾಜನಿಗೆ ವೈನು ಕುಡಿಸಿ ಮತ್ತೇರಿಸಿ, ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜನ ಕಡೆಯವರ ಮಾತು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ವಾದಿಸಿದರು. ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ.

ಖಾರದಪುಡಿ
ಶುಕ್ರವಾರ, ರಾತ್ರಿ 9:37

ಅಂದ್ರೆ ಅಲ್ಲಿ ಗ್ರೀಕರು ನಮಗೆ ಮದ್ದು ಹಾಕಿದ್ರು. ಲೆಕ್ಕ ಸರಿಹೋಯ್ತು.

ಅರ್ಧಪುಟ
ಮಂಗಳವಾರ, ರಾತ್ರಿ 1:10

ಮಗುವಿಗೆ ಹಲ್ಲು ಬರ್ತಿದೆ, ನಾಲ್ಕು ದಿನ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಒಂದು ಕೈಯಲ್ಲಿ ಅವನು, ಇನ್ನೊಂದರಲ್ಲಿ ಪುಸ್ತಕ. ಕಾಕತಾಳೀಯಕ್ಕೆ ಸರ್ಸಿಯ ಮಗ ಟೆಲೆಗೊನಸ್ ಹುಟ್ಟುವ ಅಧ್ಯಾಯ.

ಇದನ್ನು ಯಾರೂ ಯಾಕೆ ಹೇಳಲಿಲ್ಲ? ಹಂದಿ, ಹೋಮರ್, ದತ್ತೂರಿ ಎಲ್ಲ ಮಾತಾಡಿದಿರಿ. ಒಡಿಸ್ಯೂಸ್ ಹೋದ ಮೇಲೆ ಇವಳೊಬ್ಬಳೇ ಹೆರುತ್ತಾಳೆ. ಆ ಕೂಸು ಅಳುತ್ತದೆ, ಅಳುತ್ತಲೇ ಇರುತ್ತದೆ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಸಿಂಹವನ್ನು ಸಾಕಿದವಳು, ಸೂರ್ಯನ ಮಗಳು, ತಲೆ ಬಾಚಿಕೊಳ್ಳಲಾಗದೆ ನೆಲದ ಮೇಲೆ ಕೂತಿರುತ್ತಾಳೆ. ಅಥೀನಾ ಬಂದು ಕೂಸನ್ನು ಕೊಟ್ಟುಬಿಡು ಅಂದಾಗ, ಮೂರು ರಾತ್ರಿ ನಿದ್ದೆಯಿಲ್ಲದ ಈ ಹೆಂಗಸು ಒಲಿಂಪಸ್‌ನ ಯುದ್ಧದೇವತೆಗೆ ಆಗಲ್ಲ ಅಂತಾಳೆ. ಆಮೇಲೆ ಇಡೀ ದ್ವೀಪಕ್ಕೆ ಮದ್ದಿನ ಬೇಲಿ ಹಾಕಿ ವರ್ಷಗಟ್ಟಲೆ ಅದನ್ನು ಹೊತ್ತು ನಿಲ್ಲುತ್ತಾಳೆ.

ಖಾರದಪುಡಿಯವರೇ, ಇವಳು ನೋಡುತ್ತಾ ಕೂತವಳು ಅಂದಿರಲ್ಲ, ಈ ಅಧ್ಯಾಯ ಇನ್ನೊಮ್ಮೆ ಓದಿ. ಬೇಕಾದರೆ ನನ್ನ ಮಗನನ್ನು ಒಂದು ರಾತ್ರಿ ಕಳಿಸಿಕೊಡುತ್ತೇನೆ.

ಖಾರದಪುಡಿ
ಮಂಗಳವಾರ, ಬೆಳಗ್ಗೆ 7:58

ಸೋತೆ. ಮಗ ಬೇಡ.

ಅಡಿಕೆ ಚೀಲ
ಬುಧವಾರ, ಸಂಜೆ 7:20

ನೀವೆಲ್ಲ ಸೇರಿ ನನ್ನ ಕೈಲಿ ದುಡ್ಡು ಖರ್ಚು ಮಾಡಿಸಿದಿರಿ. ತರಿಸಿದೆ, ಟೆಲೆಗೊನಸ್ ದೊಡ್ಡವನಾಗಿ ಅಪ್ಪನನ್ನು ಹುಡುಕಿಕೊಂಡು ಇಥಾಕಾಗೆ ಹೋಗುವಲ್ಲಿಗೆ ಬಂದೆ. ಅರೆ, ಇದು ನಮ್ಮ ಬಬ್ರುವಾಹನ! ಎಲ್ಲೋ ದೂರದಲ್ಲಿ ಹುಟ್ಟಿದ ಮಗ, ಅವನ ಕೈಯಲ್ಲೇ ಅಪ್ಪನ ಸಾವು. ಆಟದಲ್ಲಿ ನೋಡಿದ್ದು ಕಣ್ಣಿಗೆ ಕಟ್ಟಿತು.

ಹಳಗನ್ನಡ ಹುಳ
ಬುಧವಾರ, ರಾತ್ರಿ 8:45

ಹತ್ತಿರ ಬಂದಿರಿ, ಆದರೆ ತಿರುವು ಬೇರೆ. ಲಕ್ಷ್ಮೀಶನ ಬಬ್ರುವಾಹನನಿಗೆ ಎದುರಿಗಿರುವವನು ಅಪ್ಪನೆಂದು ಗೊತ್ತು. ಕುದುರೆ ಒಪ್ಪಿಸಿ ಕಾಲಿಗೆ ಬೀಳಲು ಬರುತ್ತಾನೆ. ಅರ್ಜುನ ಅವನ ಹುಟ್ಟನ್ನೇ ಹಂಗಿಸಿ ಒದೆಯುತ್ತಾನೆ. ಅಲ್ಲಿಂದ ಯುದ್ಧ. ಟೆಲೆಗೊನಸ್‌ನದು ಗುರುತು ಸಿಗದೆ ಆದ ಅನಾಹುತ, ಈಟಿಯ ತುದಿಗಿದ್ದ ತೊರಕೆ ಮೀನಿನ ಮುಳ್ಳಿನ ವಿಷ. ಅರ್ಜುನನಿಗೆ ಸಂಜೀವಕ ಮಣಿ ಬಂತು, ಒಡಿಸ್ಯೂಸ್‌ಗೆ ಏನೂ ಬರಲಿಲ್ಲ.

ಈ ಭಾಗ ಮಿಲ್ಲರ್ ಕಟ್ಟಿದ್ದಲ್ಲ. ‘ಟೆಲೆಗೊನಿ’ ಎಂಬ ಗ್ರೀಕ್ ಕಾವ್ಯವಿತ್ತು. ಕಾವ್ಯ ಕಳೆದುಹೋಗಿದೆ, ಪ್ರೊಕ್ಲಸ್ ಮಾಡಿದ ಸಾರಾಂಶ ಉಳಿದಿದೆ. ಅದರ ಕೊನೆ ವಿಚಿತ್ರ: ಟೆಲೆಗೊನಸ್ ಒಡಿಸ್ಯೂಸ್‌ನ ಹೆಂಡತಿ ಪೆನೆಲೊಪಿಯನ್ನು ಕೂಡುತ್ತಾನೆ, ಪೆನೆಲೊಪಿಯ ಮಗ ಟೆಲೆಮಾಕಸ್ ಸರ್ಸಿಯನ್ನು ಕೂಡುತ್ತಾನೆ, ಸರ್ಸಿ ಎಲ್ಲರನ್ನೂ ಅಮರರನ್ನಾಗಿ ಮಾಡುತ್ತಾಳೆ. ಮಿಲ್ಲರ್ ಇದನ್ನು ಏನು ಮಾಡಿದ್ದಾರೆ ಎಂದು ಹೇಳುವುದಿಲ್ಲ. ಅರ್ಧಪುಟ ಇನ್ನೂ ಮುಗಿಸಿಲ್ಲ.

ಅರ್ಧಪುಟ
ಭಾನುವಾರ, ಮಧ್ಯಾಹ್ನ 3:25

ಮುಗಿಸಿದೆ. ಕೊನೆಯ ಪುಟದ ಗುಟ್ಟು ಕೆಳಗಿದೆ, ಬೇಡದವರು ಹೋಗಿ.

ತಿರುಗಿಸಿಬಿಟ್ಟಿದ್ದಾರೆ! ಹಳೆಯ ಕಾವ್ಯದಲ್ಲಿ ಇವಳು ಮನುಷ್ಯರನ್ನು ಅಮರರನ್ನಾಗಿ ಮಾಡುತ್ತಾಳೆ ಅಂದಿರಿ. ಇಲ್ಲಿ ಇವಳೇ ಮನುಷ್ಯಳಾಗಲು ಮದ್ದು ಕಾಸುತ್ತಾಳೆ. ಗ್ಲಾಕಸ್‌ನನ್ನು ದೇವರು ಮಾಡಿದ್ದಳಲ್ಲ, ಅದೇ ಥರದ ಹೂವು, ಈ ಸಲ ತನಗೆ. ಪೆನೆಲೊಪಿ ದ್ವೀಪದ ಹೊಸ ಮದ್ದಿನವಳಾಗುತ್ತಾಳೆ, ಅದೂ ಇಷ್ಟವಾಯಿತು. ಇವಳು ಬಟ್ಟಲೆತ್ತಿ ಕುಡಿಯುತ್ತಾಳೆ, ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಮದ್ದು ಹಿಡಿಯಿತೋ ಇಲ್ಲವೋ ಹೇಳುವುದಿಲ್ಲ.

ದಿನಾ ಮಗು ಮಲಗಿದ ಮೇಲೆ ಅಮ್ಮನಿಗೆ ಅವತ್ತಿನ ಪುಟಗಳ ಕಥೆ ಹೇಳುತ್ತಿದ್ದೆ. ಇವತ್ತು ಕೊನೆ ಹೇಳಿದಾಗ ಬದನೆಕಾಯಿ ಹೆಚ್ಚುವುದು ನಿಲ್ಲಿಸಿ, “ಸಾಯೋಕೆ ಮದ್ದು ಕುಡಿದ್ಲಾ?” ಅಂದರು. ಸಾಯೋಕಲ್ಲಮ್ಮ, ಸಾಯೋಹಾಗೆ ಬದುಕೋಕೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಮದ್ದು ಕಾಸಿದ್ದು ಅವಳೇ ತಾನೆ? ಹಿಡಿದಿರುತ್ತೆ ಬಿಡು” ಅಂದರು.

ಮದ್ದಿನಂಗಡಿ
ಭಾನುವಾರ, ಸಂಜೆ 5:02

ಅಮ್ಮನಿಗೆ ನಮಸ್ಕಾರ ಹೇಳಿ. ನನಗೂ ಹಿಡಿದಿರುತ್ತೆ ಅಂತಲೇ ಅನ್ನಿಸಿತ್ತು. ಅಷ್ಟು ಸಲ ಅರೆದು ಅರೆದು ಕಲಿತ ಕೈ.

ಅಡಿಕೆ ಚೀಲ
ಭಾನುವಾರ, ಸಂಜೆ 5:40

ನಂದಿನ್ನೂ ಮೂವತ್ತು ಪುಟ ಇತ್ತು 😑

ನಿದ್ದೆಗೇಡಿ
ಭಾನುವಾರ, ರಾತ್ರಿ 9:15

ಗುಟ್ಟು ಕೆಳಗಿದೆ ಅಂತ ಬರೆದಿದ್ರಲ್ಲ ಅಡಿಕೆ ಚೀಲ!!

ಅರ್ಧಪುಟ, ಮುಂದಕ್ಕೆ ಇವರದ್ದೇ ಮೊದಲ ಕಾದಂಬರಿ ‘ದಿ ಸಾಂಗ್ ಆಫ್ ಅಕಿಲೀಸ್’ ಹಿಡೀರಿ. 2012ರಲ್ಲಿ ಆರೆಂಜ್ ಪ್ರಶಸ್ತಿ ಬಂದಿದ್ದು. ಅಕಿಲೀಸ್‌ನ ಜೊತೆಗಾರ ಪ್ಯಾಟ್ರೋಕ್ಲಸ್ ಹೇಳೋ ಕಥೆ, ಟ್ರಾಯ್ ಯುದ್ಧ. ಇದಕ್ಕಿಂತ ಸಣ್ಣದು, ಇದಕ್ಕಿಂತ ಜಾಸ್ತಿ ಅಳಿಸುತ್ತೆ. ಮನೇಲಿ ಒಬ್ಬನೇ ಅಳೋನು ಸಾಕು ಅಂದ್ರೆ ಆಮೇಲೆ ಓದಿ.

ಅರ್ಧಪುಟ
ಭಾನುವಾರ, ರಾತ್ರಿ 10:48

ಇನ್ನೂ ಎರಡು ಹಲ್ಲು ಬರೋದಿದೆ. ಅದಾದ ಮೇಲೆ.